ಹದಿಮೂರು ದಿನದ ಜ್ವರ: ಹಾಸಿಗೆ ಪಕ್ಕದ ಹಾಳೆ ಹೇಳಿದ್ದು

ರೋಗಿಯೊಬ್ಬರ ಮನೆಯವರ ಜೊತೆ ನಿಂತು ನಾವು ಮಾಡಿದ ಹದಿಮೂರು ದಿನದ ಆರೈಕೆ ಮುಗಿದು ಇವತ್ತಿಗೆ ನಾಲ್ಕು ದಿನ. ಮೊದಲ ಐದು ದಿನ ಮನೆಯಲ್ಲಿ, ಆಮೇಲೆ ಎಂಟು ದಿನ ವಾರ್ಡಿನಲ್ಲಿ. ರೋಗಿ 64 ಕೆ.ಜಿ. ತೂಕದ ವಯಸ್ಕರು. ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಯಾವುದೂ ಇರಲಿಲ್ಲ. ಕೊನೆಗೆ ಅದು ಟೈಫಾಯಿಡ್ ಎಂದು ಗೊತ್ತಾಯಿತು. ಆದರೆ ಮೊದಲ ಒಂದು ವಾರ ಅದು ಬರೀ ‘ಜ್ವರ’. ಯಾವ ಜ್ವರ ಎಂದು ಗೊತ್ತಿಲ್ಲದೆ ಆರೈಕೆ ಮಾಡಬೇಕಾದ ಆ ದಿನಗಳಲ್ಲೇ ಮನೆಯವರು ಹೆಚ್ಚು ತಪ್ಪುವುದು. ಅದಕ್ಕೇ ಇದನ್ನು ದಿನದ ಲೆಕ್ಕದಲ್ಲೇ ಬರೆಯುತ್ತಿದ್ದೇವೆ.

ಮೊದಲ ಸಂಜೆ

ಸಂಜೆ ಏಳಕ್ಕೆ ತಲೆನೋವು, ಮೈಕೈ ನೋವು. ಬಾಯಲ್ಲಿ ಇಟ್ಟು ನೋಡಿದಾಗ 100.6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38.1 ಸೆಲ್ಸಿಯಸ್. ಸಾಮಾನ್ಯವಾಗಿ 100.4 (38 ಸೆಲ್ಸಿಯಸ್) ದಾಟಿದರೆ ಜ್ವರ ಎನ್ನುತ್ತಾರೆ. ನಮ್ಮ ದೇಹದ ಬಿಸಿ ಇಡೀ ದಿನ ಒಂದೇ ಸಮ ಇರುವುದಿಲ್ಲ. ಬೆಳಗಿನ ಜಾವ ಕಡಿಮೆ, ಸಂಜೆ ನಾಲ್ಕರಿಂದ ಆರರ ಹೊತ್ತಿಗೆ ಹೆಚ್ಚು. ಆರೋಗ್ಯವಂತರಲ್ಲೂ ಸಂಜೆ 99ರ ಆಚೀಚೆ ಬರಬಹುದು. 98.6 ಎಂಬ ಅಂಕಿ ಜನರ ಬಾಯಿಗೆ ಬಂದದ್ದು 1868ರಲ್ಲಿ ಜರ್ಮನಿಯ ವೈದ್ಯ ವುಂಡರ್‌ಲಿಶ್ ಸಾವಿರಾರು ರೋಗಿಗಳ ಕಂಕುಳಲ್ಲಿ ಅಳೆದು ಬರೆದ ಮೇಲೆ. ಅದು ಸರಾಸರಿ ಅಷ್ಟೇ. ಸಂಜೆ 99 ಬಂತೆಂದು ಮಾತ್ರೆ ನುಂಗಿಸಬೇಕಿಲ್ಲ.

ಮೊದಲು ಮಾಡಿದ ಕೆಲಸವೆಂದರೆ ಒಂದು ಹಾಳೆಗೆ ಗೆರೆ ಎಳೆದದ್ದು. ಹೊತ್ತು, ಜ್ವರ, ಎಲ್ಲಿ ಅಳೆದದ್ದು, ನಾಡಿ, ಉಸಿರು, ಕುಡಿದದ್ದು, ಮೂತ್ರ, ಕೊಟ್ಟ ಔಷಧಿ ಮತ್ತು ಅದರ ಪ್ರಮಾಣ, ಕೊನೆಯಲ್ಲಿ ‘ಹೇಗಿದ್ದಾರೆ’ ಎಂಬ ಒಂದು ಕಲಂ. ಆ ಕೊನೆಯ ಕಲಮ್ಮನ್ನು ಯಾರೂ ಹಾಕುವುದಿಲ್ಲ. ‘ಎದ್ದು ಕೂತರು, ಮಾತಾಡಿದರು’, ‘ಕರೆದರೆ ಮಾತ್ರ ಕಣ್ಣು ಬಿಟ್ಟರು’ ಎಂಬ ಎರಡು ಸಾಲಿನ ನಡುವೆ ಇರುವ ವ್ಯತ್ಯಾಸ 103ಕ್ಕೂ 104ಕ್ಕೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದು.

ಅಳೆಯುವುದರಲ್ಲೇ ಅರ್ಧ ಗೊಂದಲ ಹುಟ್ಟುತ್ತದೆ. ಬಿಸಿ ಅಥವಾ ತಣ್ಣನೆಯದು ಕುಡಿದಿದ್ದರೆ ಕನಿಷ್ಠ ಹದಿನೈದು ನಿಮಿಷ, ಸಾಧ್ಯವಾದರೆ ಅರ್ಧ ಗಂಟೆ ಬಿಟ್ಟು ಬಾಯಲ್ಲಿ ಇಡಿ. ತುದಿ ನಾಲಗೆಯ ಕೆಳಗೆ, ನಡುವಿನಲ್ಲಲ್ಲ, ಒಂದು ಪಕ್ಕಕ್ಕೆ ಹಿಂದೆ ಕೂರಬೇಕು. ತುಟಿ ಮುಚ್ಚಿರಬೇಕು, ಮೂಗಲ್ಲಿ ಉಸಿರಾಡಬೇಕು. ಕಂಕುಳಾದರೆ ಮೊದಲು ಬೆವರು ಒರೆಸಿ, ತುದಿಯನ್ನು ಗುಳಿಯ ನಡುವೆ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿಯಬೇಕು. ಡಿಜಿಟಲ್ ಥರ್ಮಾಮೀಟರ್ ಬೀಪ್ ಅನ್ನುವ ತನಕ ತೆಗೆಯಬಾರದು. ಕಂಕುಳಲ್ಲಿ ಬಾಯಿಗಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಕೆಲವರು ತಾವೇ ಒಂದು ಕೂಡಿಸಿ ಬರೆದುಬಿಡುತ್ತಾರೆ, ಆಮೇಲೆ ವೈದ್ಯರೂ ಇನ್ನೊಂದು ಕೂಡಿಸಿಕೊಳ್ಳುತ್ತಾರೆ. ಬಂದ ಅಂಕಿಯನ್ನೇ ಬರೆದು ಪಕ್ಕದಲ್ಲಿ ‘ಕಂಕುಳು’ ಎಂದು ಹಾಕಿದರೆ ಸಾಕು. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರ್ ಬೆವರಿದ ಹಣೆಯಲ್ಲಿ, ಫ್ಯಾನ್ ಗಾಳಿಯಲ್ಲಿ ಕಡಿಮೆ ತೋರಿಸುತ್ತದೆ. ಒಮ್ಮೆ ಇದು, ಒಮ್ಮೆ ಅದು ಎಂದು ಬದಲಿಸಬೇಡಿ. ಒಂದೇ ಥರ್ಮಾಮೀಟರ್, ಒಂದೇ ಜಾಗ.

ಆ ರಾತ್ರಿಯ ಚಳಿ

ಎರಡನೇ ರಾತ್ರಿ ಹನ್ನೊಂದಕ್ಕೆ ಚಳಿ ಹತ್ತಿತು. ಹಲ್ಲು ಕಟಕಟ, ಕೈಕಾಲು ತಣ್ಣಗೆ, ಉಗುರು ಬಿಳಿಚಿಕೊಂಡಿತ್ತು, ಹೊಟ್ಟೆ ಮಾತ್ರ ಸುಡುತ್ತಿತ್ತು. ಅಳೆದರೆ 101. ಮನೆಯವರು ಗಾಬರಿಯಲ್ಲಿ ಒದ್ದೆ ಬಟ್ಟೆ ತಂದರು. ಅದನ್ನು ತಡೆಯಬೇಕಾಯಿತು.

ಯಾಕೆ ಅಂದರೆ, ಸೋಂಕು ತಗುಲಿದಾಗ ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ದೇಹದ ಬಿಸಿಯ ಗುರಿಯನ್ನೇ ಮೇಲಕ್ಕೆ ಏರಿಸಿಬಿಡುತ್ತದೆ. ಗುರಿ 103 ಆಗಿ ಮೈ ಇನ್ನೂ 101ರಲ್ಲಿದ್ದರೆ ರೋಗಿಗೆ ನಿಜವಾಗಿಯೂ ಚಳಿಯಾಗುತ್ತದೆ. ಚರ್ಮದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಸ್ನಾಯುಗಳು ನಡುಗಿ ಬಿಸಿ ಹುಟ್ಟಿಸುತ್ತವೆ. ಆಗ ಮೈಗೆ ತಣ್ಣೀರು ಒತ್ತಿದರೆ ನಡುಕ ಇನ್ನೂ ಹೆಚ್ಚಿ ಜ್ವರ ಇನ್ನೂ ಬೇಗ ಏರುತ್ತದೆ, ರೋಗಿಗೆ ಹಿಂಸೆ ಬೇರೆ. ಚಳಿ ಇರುವಷ್ಟು ಹೊತ್ತು ಹೊದಿಕೆ ಹೊದಿಸಿ, ಕುಡಿಯಲು ಬೆಚ್ಚಗಿನದು ಕೊಡಿ. ನಡುಕ ನಿಂತ ಅರ್ಧ ಗಂಟೆಗೆ ಮತ್ತೆ ಅಳೆಯಿರಿ. ನಾವು ಅಳೆದಾಗ 102.8 ಇತ್ತು. ಆಗ ಹೊದಿಕೆ ತೆಗೆದು ತೆಳು ಹತ್ತಿ ಬಟ್ಟೆ ಹಾಕಿ ಕಿಟಕಿ ತೆರೆದೆವು. ಬೆವರು ಬರುವ ಹೊತ್ತಿಗೂ ಮೂರು ಹೊದಿಕೆ ಹೊದಿಸಿ ಕೂರಿಸುವುದು ಇನ್ನೊಂದು ತಪ್ಪು. ಹೊದಿಕೆ ಚಳಿಗೆ ಮಾತ್ರ, ಜ್ವರಕ್ಕಲ್ಲ.

ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಮಾತ್ರೆ ಕೊಟ್ಟದ್ದು ಈಗ. ಕೆಲಸ ಶುರುವಾಗಲು ಅರ್ಧದಿಂದ ಒಂದು ಗಂಟೆ ಬೇಕು. ಅದು ಗುರಿಯನ್ನು ಕೆಳಗಿಳಿಸುತ್ತದೆಯೇ ಹೊರತು ಸೋಂಕನ್ನು ಕೊಲ್ಲುವುದಿಲ್ಲ. 103 ಇದ್ದದ್ದು 101ಕ್ಕೆ ಇಳಿದು ರೋಗಿ ಎರಡು ಲೋಟ ನೀರು ಕುಡಿದು ನಿದ್ದೆ ಮಾಡಿದರೆ ಮಾತ್ರೆ ಕೆಲಸ ಮಾಡಿದೆ ಎಂದೇ ಅರ್ಥ. 98ಕ್ಕೆ ಇಳಿಯಲಿಲ್ಲ ಎಂದು ಎರಡು ಗಂಟೆಗೆ ಇನ್ನೊಂದು ಕೊಡಬಾರದು. ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆ, ಆರು ಗಂಟೆಯಾದರೆ ಇನ್ನೂ ಒಳ್ಳೆಯದು. ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇರುವವರಿಗೆ, ಕುಡಿತದ ಅಭ್ಯಾಸ ಇರುವವರಿಗೆ, ತುಂಬಾ ತೂಕ ಕಡಿಮೆ ಇರುವವರಿಗೆ ಅದಕ್ಕಿಂತ ಕಡಿಮೆ, ಎಷ್ಟು ಎಂದು ವೈದ್ಯರೇ ಹೇಳಬೇಕು.

ಮೂರನೇ ದಿನ ಹಾಳೆ ನೋಡುವಾಗ ಒಂದು ವಿಷಯ ಸಿಕ್ಕಿತು. ಜ್ವರದ ಮಾತ್ರೆ ನಾಲ್ಕು, ಅಂದರೆ 2600 ಮಿಲಿಗ್ರಾಂ. ಅದರ ಜೊತೆಗೆ ‘ನೆಗಡಿ ಮಾತ್ರೆ’ ಎಂದು ಮನೆಯವರು ಮೂರು ಕೊಟ್ಟಿದ್ದರು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಒಂದೊಂದರಲ್ಲೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎಂದಿತ್ತು. ಒಟ್ಟು 4100. ಬ್ರಾಂಡ್ ಹೆಸರು ಬೇರೆ, ಒಳಗಿನದು ಒಂದೇ. ನೆಗಡಿ, ಮೈಕೈ ನೋವು, ತಲೆನೋವಿನ ಮಾತ್ರೆಗಳ ಸ್ಟ್ರಿಪ್ ಹಿಂದೆ ತಿರುಗಿಸಿ ಓದದೆ ಕೊಡಬೇಡಿ. ಪ್ಯಾರಾಸಿಟಮಾಲ್ ಅತಿಯಾದರೆ ಪೆಟ್ಟು ಬೀಳುವುದು ಲಿವರಿಗೆ, ಮೊದಲ ದಿನ ಏನೂ ಗೊತ್ತಾಗುವುದೂ ಇಲ್ಲ. ಆ ದಿನವೇ ವೈದ್ಯರಿಗೆ ತಿಳಿಸಿ, ನೆಗಡಿ ಮಾತ್ರೆ ನಿಲ್ಲಿಸಿದೆವು.

ಮಕ್ಕಳಿಗೆ ಲೆಕ್ಕ ವಯಸ್ಸಿನಿಂದಲ್ಲ, ತೂಕದಿಂದ: ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ. ಮೋಸ ಹೋಗುವುದು ಬಾಟಲಿಯಲ್ಲಿ. ಒಂದು ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120 ಅಥವಾ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250 ಇರುತ್ತದೆ, ಹಸುಗೂಸಿನ ಡ್ರಾಪ್ಸಿನಲ್ಲಿ ಒಂದೇ ಎಂ.ಎಲ್.ಗೆ 100. ಡ್ರಾಪ್ಸನ್ನು ಚಮಚದಲ್ಲಿ ಅಳೆದು ಕೊಟ್ಟರೆ ನಾಲ್ಕು ಪಟ್ಟು ಹೋಗುತ್ತದೆ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಡೆಂಗಿ ಅಲ್ಲ ಎಂದು ಖಾತ್ರಿಯಾಗುವ ತನಕ ದೊಡ್ಡವರಿಗೂ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಮೈ ಒರೆಸುವುದು

ಇದು ಎಲ್ಲರೂ ಮಾಡುವ ಕೆಲಸ, ಸರಿಯಾಗಿ ಮಾಡುವವರು ಕಡಿಮೆ. ಮಕ್ಕಳಿಗೆ ಇದನ್ನು ರೂಢಿಯಾಗಿ ಮಾಡಬೇಕಿಲ್ಲ ಎನ್ನುವುದು ಈಗಿನ ಸಲಹೆ. ಅಳು, ನಡುಕ ಹೆಚ್ಚಿ ಲಾಭ ಕಡಿಮೆಯಾಗುತ್ತದೆ. ದೊಡ್ಡವರಿಗೂ ಔಷಧಿಯ ಬದಲು ಅಲ್ಲ. ಮಾತ್ರೆ ಕೊಟ್ಟು ಅರ್ಧ ಗಂಟೆಯಾದ ಮೇಲೆ, ಚಳಿ ಇಲ್ಲದಾಗ, ರೋಗಿಗೇ ಹಿತ ಅನಿಸುವುದಾದರೆ ಮಾತ್ರ.

ನೀರು ಉಗುರುಬೆಚ್ಚಗಿರಬೇಕು, ಸುಮಾರು 30 ಡಿಗ್ರಿ ಸೆಲ್ಸಿಯಸ್. ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎನ್ನುವಷ್ಟು. ಐಸು ಬೇಡ. ಸ್ಪಿರಿಟ್ಟಂತೂ ಕೂಡದು, ಅದು ಚರ್ಮದಿಂದ, ಉಸಿರಿನಿಂದ ಒಳಗೆ ಹೋಗಿ ಮಕ್ಕಳನ್ನು ಅಪಾಯಕ್ಕೆ ತಳ್ಳುತ್ತದೆ. ಐದಾರು ಮೆತ್ತನೆ ಬಟ್ಟೆ ನೀರಲ್ಲಿ ನೆನೆಸಿ, ತೊಟ್ಟಿಕ್ಕದಷ್ಟು ಹಿಂಡಿ. ಎರಡು ಕಂಕುಳಿಗೆ ಒಂದೊಂದು, ಎರಡು ತೊಡೆಸಂದಿಗೆ ಒಂದೊಂದು. ಅಲ್ಲಿ ದೊಡ್ಡ ರಕ್ತನಾಳಗಳು ಚರ್ಮದ ಹತ್ತಿರ ಹಾಯುತ್ತವೆ. ಇನ್ನೊಂದರಿಂದ ಮುಖ, ಕುತ್ತಿಗೆ, ಆಮೇಲೆ ಒಂದು ತೋಳು, ಇನ್ನೊಂದು ತೋಳು, ಕಾಲು, ಕೊನೆಗೆ ಬೆನ್ನು. ಉಜ್ಜಬಾರದು, ಉದ್ದಕ್ಕೆ ನಿಧಾನವಾಗಿ ಎಳೆಯಬೇಕು. ಒಂದು ಭಾಗ ಒರೆಸುವಾಗ ಉಳಿದ ಮೈ ಮುಚ್ಚಿರಲಿ. ಚರ್ಮದ ಮೇಲೆ ಉಳಿದ ತೇವ ಆರುವಾಗಲೇ ಬಿಸಿ ಹೋಗುವುದು, ಹಾಗಾಗಿ ತಕ್ಷಣ ಒಣಬಟ್ಟೆಯಿಂದ ಒರೆಸಬೇಡಿ. ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಮೈ ಮೇಲೆ ರೋಮ ನಿಮಿರಿ ಗುಳ್ಳೆ ಎದ್ದರೆ, ತುಟಿ ನೀಲಿಯಾದರೆ, ನಡುಕ ಬಂದರೆ ಅಲ್ಲಿಗೇ ನಿಲ್ಲಿಸಿ. ಅರ್ಧ ಗಂಟೆ ಕಳೆದು ಅಳೆದು ಹಾಳೆಗೆ ಬರೆಯಿರಿ. ಹಣೆಗೆ ಒದ್ದೆ ಪಟ್ಟಿ ಹಾಕಿದರೆ ತಲೆನೋವಿಗೆ ಹಿತವಾಗುತ್ತದೆ, ಜ್ವರ ಇಳಿಯುವುದು ಅದರಿಂದಲ್ಲ.

ಬಿಸಿಲಿನಲ್ಲಿ ಕುಸಿದುಬಿದ್ದವರ ಮೈ ಸುಡುವುದು ಬೇರೆ ವಿಷಯ. ಅಲ್ಲಿ ಮೆದುಳಿನ ಗುರಿ ಏರಿರುವುದಿಲ್ಲ, ಆದ್ದರಿಂದ ಪ್ಯಾರಾಸಿಟಮಾಲ್ ಕೆಲಸಕ್ಕೆ ಬಾರದು. ನೀರು ಸುರಿದು, ಗಾಳಿ ಹಾಕಿ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ತಂಪು ಮಾಡುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಮೂರು, ನಾಲ್ಕು, ಐದು

ಮೂರನೇ ದಿನ ವೈದ್ಯರ ಹತ್ತಿರ. ರಕ್ತಕಣಗಳ ಎಣಿಕೆ, ಮಲೇರಿಯಾ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು), ಡೆಂಗಿಯ ಎನ್‌ಎಸ್1 (ವೈರಸ್ಸಿನ ಪ್ರೋಟೀನನ್ನು ರಕ್ತದಲ್ಲಿ ಹುಡುಕುವುದು), ಮೂತ್ರ ಪರೀಕ್ಷೆ. ವರದಿ ಸಂಜೆಗೆ ಬಂತು, ಎಲ್ಲವೂ ನೆಗೆಟಿವ್. ಬಿಳಿ ರಕ್ತಕಣ 4,800, ಪ್ಲೇಟ್‌ಲೆಟ್ ಸರಿಯಾಗಿತ್ತು. ‘ಏನೂ ಇಲ್ಲ’ ಎಂದು ಮನೆಯವರು ನಿಟ್ಟುಸಿರು ಬಿಟ್ಟರು. ನೆಗೆಟಿವ್ ಅಂದರೆ ಏನೂ ಇಲ್ಲ ಎಂದಲ್ಲ, ಇವತ್ತಿನ ಮಟ್ಟಿಗೆ ಸಿಕ್ಕಿಲ್ಲ ಎಂದು. ಮಲೇರಿಯಾ ಅನುಮಾನ ಇದ್ದರೆ ಒಂದು ಸ್ಮಿಯರಿಗೆ ಬಿಡುವುದಿಲ್ಲ, 12ರಿಂದ 24 ಗಂಟೆ ಬಿಟ್ಟು ಮತ್ತೆ ಮಾಡುತ್ತಾರೆ. ಎನ್‌ಎಸ್1 ಮೊದಲ ಐದು ದಿನದ ಪರೀಕ್ಷೆ, ಆಮೇಲೆ ಐಜಿಎಂ, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ, ನೋಡಬೇಕು. ಟೈಫಾಯಿಡಿಗೆ ಮಾಡುವ ವಿಡಾಲ್ ಎಂಬ ರಕ್ತಪರೀಕ್ಷೆ ಮೊದಲ ವಾರದಲ್ಲಿ ನೆಚ್ಚುವಂಥದ್ದಲ್ಲ. ಹಳೆಯ ಸೋಂಕಿಗೂ ಪಾಸಿಟಿವ್ ಬರುತ್ತದೆ. ಪರೀಕ್ಷೆ ಮರುಕಳಿಸುವ ಖರ್ಚಿಗೆ ಮೊದಲೇ ಮನಸ್ಸು ಸಿದ್ಧ ಮಾಡಿಕೊಳ್ಳಿ. ಎರಡನೇ ಸಲ ರಕ್ತ ಕೇಳಿದರೆ ಮೊದಲನೆಯದು ದಂಡವಾಯಿತು ಎಂದು ಅರ್ಥವಲ್ಲ.

ನಾಲ್ಕನೇ ದಿನ ಕಪಾಟಿನಲ್ಲಿ ಉಳಿದಿದ್ದ ಅರ್ಧ ಸ್ಟ್ರಿಪ್ ಆಂಟಿಬಯಾಟಿಕ್ ಹೊರಗೆ ಬಂತು. ಯಾರದೋ ಹಳೇ ಗಂಟಲು ನೋವಿನದು. ಒಂದು ಮಾತ್ರೆಯೂ ಒಳಗೆ ಹೋಗದಂತೆ ನಿಲ್ಲಿಸಿದೆವು. ಅರೆಬರೆ ಆಂಟಿಬಯಾಟಿಕ್ ಬಿದ್ದರೆ ರೋಗ ವಾಸಿಯಾಗುವುದಿಲ್ಲ, ಆದರೆ ಬ್ಲಡ್ ಕಲ್ಚರಿನಲ್ಲಿ (ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬ್ಯಾಕ್ಟೀರಿಯಾ ಬೆಳೆಯದಷ್ಟು ಅಡಗಿಬಿಡುತ್ತದೆ. ಆಮೇಲೆ ಯಾವ ಔಷಧಿ ನಾಟುತ್ತದೆ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಈ ರೋಗಿಯ ವಿಷಯದಲ್ಲಿ ಅತಿ ಮುಖ್ಯವಾದ ನಿರ್ಧಾರ ಇದೇ ಇರಬೇಕು.

ನೀರಿನ ಲೆಕ್ಕ ಶುರುವಾದದ್ದೂ ಇಲ್ಲೇ. ಜ್ವರದಲ್ಲಿ ಉಸಿರಿನಿಂದ, ಬೆವರಿನಿಂದ ನೀರು ಕಾಣದಂತೆ ಹೋಗುತ್ತದೆ. ವಯಸ್ಕರಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಬೇಕು (ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ವೈದ್ಯರು ಹೇಳಿದಷ್ಟು ಮಾತ್ರ). ‘ತುಂಬಾ ನೀರು ಕುಡಿಯಿರಿ’ ಎಂದರೆ ಸುಸ್ತಾದವರು ಕುಡಿಯುವುದಿಲ್ಲ. 200 ಎಂ.ಎಲ್. ಲೋಟ ಇಟ್ಟು ಎಚ್ಚರವಿದ್ದಾಗ ಗಂಟೆಗೊಂದು ಎಂದು ಕೈಗೇ ಕೊಡಬೇಕು. ವಾಂತಿ ಇದ್ದರೆ ಐದು ನಿಮಿಷಕ್ಕೊಮ್ಮೆ ಒಂದೆರಡು ಚಮಚ. ಓ.ಆರ್.ಎಸ್. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಇಡೀ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಲೋಟಕ್ಕೆ ಸ್ವಲ್ಪ ಉದುರಿಸಿ ಕೊಡುವುದು ತಪ್ಪು, ಉಪ್ಪಿನ ಪ್ರಮಾಣ ಕೆಡುತ್ತದೆ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಊಟ ಸೇರದಿದ್ದರೆ ಬಲವಂತ ಬೇಡ, ಮೆತ್ತಗಿನದನ್ನು ಸ್ವಲ್ಪ ಸ್ವಲ್ಪ, ಎರಡು ಗಂಟೆಗೊಮ್ಮೆ. ಆದರೆ ಉಪವಾಸ ಕೆಡವಬೇಡಿ. ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಸುಡುವ ಶಕ್ತಿ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ.

ಕುಡಿದದ್ದು ಸಾಕೇ ಎಂದು ಹೇಳುವುದು ಮೂತ್ರ. ಕನಿಷ್ಠ ಲೆಕ್ಕ ಗಂಟೆಗೆ ಕೆ.ಜಿ.ಗೆ ಅರ್ಧ ಎಂ.ಎಲ್. 64 ಕೆ.ಜಿ.ಗೆ ಗಂಟೆಗೆ 32, ದಿನಕ್ಕೆ ಸುಮಾರು 770 ಎಂ.ಎಲ್. ಐದನೇ ದಿನ ಬೆಳಗಿನ ತನಕದ 24 ಗಂಟೆಯಲ್ಲಿ ಹಾಳೆಯ ಮೇಲೆ ಇದ್ದದ್ದು 450, ಬಣ್ಣ ಕಡುಹಳದಿ. ಮೂರು ಸಲ ವಾಂತಿ. ಜ್ವರ 103.6. ‘ಹೇಗಿದ್ದಾರೆ’ ಕಲಮ್ಮಿನಲ್ಲಿ: ‘ಹೊತ್ತು ಯಾವುದೆಂದು ಎರಡು ಸಲ ಕೇಳಿದರು’. ಆಸ್ಪತ್ರೆಗೆ ಹೊರಡಲು ಇಷ್ಟು ಸಾಕಾಯಿತು.

ಇಷ್ಟು ದಿನ ಕಾಯದೆ ತಕ್ಷಣ ಹೊರಡಬೇಕಾದ ಸಂದರ್ಭಗಳೂ ಇವೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ ಅದೇ ಸಾಕು, ಬೇರೆ ಲಕ್ಷಣ ಹುಡುಕಬೇಡಿ. ವಯಸ್ಕರಲ್ಲಿ ಉಸಿರು ನಿಮಿಷಕ್ಕೆ 22 ದಾಟಿದರೆ, ಮಾತು ತಡವರಿಸಿದರೆ, ಕತ್ತು ಬಗ್ಗಿಸಲಾಗದಿದ್ದರೆ, ಎಂಟು ಗಂಟೆ ಮೂತ್ರ ಬಾರದಿದ್ದರೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕಿ ಎದ್ದರೆ ಬೆಳಗಾಗಲಿ ಎಂದು ಕೂರಬಾರದು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರಬಹುದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ ಅದು ತುರ್ತು. ನಿಂತರೂ, ಮೊದಲ ಸಲವಾದರೆ ಆ ದಿನವೇ ತೋರಿಸಬೇಕು. ಡೆಂಗಿಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಟ್ಟ ಹೊತ್ತೇ ಅಪಾಯದ ಹೊತ್ತು. ಜ್ವರ ಇಲ್ಲ ಎಂದು ನಿರಾಳವಾಗುವಾಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಳಮಳ ಇವೆಯೇ ನೋಡಬೇಕು.

ವಾರ್ಡಿನಲ್ಲಿ

ಅಡ್ಮಿಶನ್ ಕೌಂಟರಿನಲ್ಲಿ ಎರಡು ಗಂಟೆ ಕಾದೆವು. ಗುರುತಿನ ಚೀಟಿ, ವಿಮೆಯ ಕಾರ್ಡು, ಹಳೆಯ ವರದಿ, ಚೀಟಿಗಳು, ನುಂಗಿದ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ ಒಂದೇ ಕವರಿನಲ್ಲಿ ಇರಲಿ. ಯಾವ ಔಷಧಿಗೆ ಅಲರ್ಜಿ ಎಂದು ಕವರಿನ ಮೇಲೇ ದೊಡ್ಡದಾಗಿ ಬರೆಯಿರಿ. ಡ್ಯೂಟಿ ಡಾಕ್ಟರ್ ಬಂದು ‘ಯಾವಾಗಿಂದ ಜ್ವರ?’ ಎಂದಾಗ ಹಾಳೆಯನ್ನೇ ಕೈಗಿಟ್ಟೆವು. ಐದು ದಿನದ ಚುಕ್ಕಿಗಳನ್ನು ಸೇರಿಸಿದರೆ ಮೆಟ್ಟಿಲಿನ ಹಾಗೆ ದಿನದಿನಕ್ಕೆ ಏರಿತ್ತು. ಬೆಳಿಗ್ಗೆ ಇಳಿದರೂ ಒಮ್ಮೆಯೂ ಮಾಮೂಲಿಗೆ ಬಂದಿರಲಿಲ್ಲ. ಅವರ ಬೆರಳು ನಿಂತದ್ದು ಮಾತ್ರ ನಾಡಿಯ ಕಲಮ್ಮಿನ ಮೇಲೆ. ಸಾಮಾನ್ಯವಾಗಿ ಜ್ವರ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ಸುಮಾರು ಹತ್ತು ಹೆಚ್ಚುತ್ತದೆ. ಇವರ ಮಾಮೂಲಿ ನಾಡಿ 76. 103.6ಕ್ಕೆ 120 ದಾಟಿರಬೇಕಿತ್ತು. ಹಾಳೆಯಲ್ಲಿ ಇದ್ದದ್ದು 92. ಜ್ವರಕ್ಕೆ ತಕ್ಕಷ್ಟು ಓಡದ ನಾಡಿ ಟೈಫಾಯಿಡಿನ ಹಳೆಯ ಸುಳಿವುಗಳಲ್ಲಿ ಒಂದು. ಎಲ್ಲರಲ್ಲೂ ಇರುವುದಿಲ್ಲ, ಇದ್ದರೆ ಗಮನಕ್ಕೆ ಬರಬೇಕು. ಬರೀ ಜ್ವರ ಬರೆದಿಟ್ಟಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮೊದಲ ಇಂಜೆಕ್ಷನ್ನಿಗೆ ಮುಂಚೆ ಬ್ಲಡ್ ಕಲ್ಚರ್. ಎರಡು ಕೈಯಿಂದ, ಎರಡೆರಡು ಬಾಟಲಿಗೆ, ಒಂದೊಂದಕ್ಕೆ ಸುಮಾರು 10 ಎಂ.ಎಲ್. ‘ಇಷ್ಟೊಂದು ರಕ್ತವಾ?’ ಎಂದು ಮನೆಯವರು ಹೌಹಾರಿದರು. ಒಟ್ಟು 40 ಎಂ.ಎಲ್.; ಈ ತೂಕದವರ ಮೈಯಲ್ಲಿ ಸುಮಾರು ನಾಲ್ಕೂವರೆ ಲೀಟರ್ ಇರುತ್ತದೆ, ನೂರರಲ್ಲಿ ಒಂದು ಪಾಲೂ ಹೋಗಲಿಲ್ಲ. ರಕ್ತ ಕಡಿಮೆ ಹಾಕಿದರೆ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆಯೂ ಅಷ್ಟೇ ಕಡಿಮೆ. ಚರ್ಮಕ್ಕೆ ಸ್ಪಿರಿಟ್ ಸೇರಿದ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಹಚ್ಚಿ ಅರ್ಧ ನಿಮಿಷ ಪೂರ್ತಿ ಆರಲು ಬಿಟ್ಟು, ಮತ್ತೆ ಬೆರಳಿನಿಂದ ಮುಟ್ಟದೆ ಚುಚ್ಚಬೇಕು. ಅವಸರಪಟ್ಟರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬೆಳೆದು ವರದಿ ದಾರಿ ತಪ್ಪಿಸುತ್ತದೆ.

ಆಮೇಲೆ ಡ್ರಿಪ್, ಸೆಫ್‌ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ದಿನಕ್ಕೊಮ್ಮೆ 2 ಗ್ರಾಂ, ಅರ್ಧ ಗಂಟೆಯಲ್ಲಿ. ಕ್ಯಾಲ್ಸಿಯಂ ಇರುವ ಡ್ರಿಪ್ ಜೊತೆ ಇದು ಒಂದೇ ನಳಿಕೆಯಲ್ಲಿ ಬೆರೆಯಬಾರದು, ನಡುವೆ ಸಲೈನ್ ಹಾಕಿ ತೊಳೆಯಬೇಕು. ಡ್ರಿಪ್ಪಿನಲ್ಲಿ ಪ್ಯಾರಾಸಿಟಮಾಲ್ 1 ಗ್ರಾಂ ಹೋದರೆ ಅದೂ ದಿನದ 4 ಗ್ರಾಮಿನ ಲೆಕ್ಕಕ್ಕೇ ಸೇರುತ್ತದೆ. ಹಾಳೆಗೆ ಬರೆಯಲು ಮರೆಯುವುದು ಇದನ್ನೇ.

ಕಲ್ಚರಿನ ಕಾಯುವಿಕೆ ಬಲು ದೀರ್ಘ. 48 ಗಂಟೆಗೆ ‘ಏನೋ ಬೆಳೆಯುತ್ತಿದೆ’ ಎಂಬ ಫೋನು, ಇನ್ನೊಂದು ದಿನಕ್ಕೆ ಸಾಲ್ಮೊನೆಲ್ಲಾ ಟೈಫಿ, ಅಂದರೆ ಟೈಫಾಯಿಡಿನ ಬ್ಯಾಕ್ಟೀರಿಯಾ, ಎಂಬ ಹೆಸರು ಮತ್ತು ಯಾವ ಔಷಧಿ ನಾಟುತ್ತದೆ ಎಂಬ ಪಟ್ಟಿ. ಕೊಡುತ್ತಿದ್ದ ಔಷಧಿಯೇ ಸರಿ ಎಂದಾಯಿತು. ಆದರೂ ಜ್ವರ ಬಿಡಲಿಲ್ಲ. “ಸಿಸ್ಟರ್, ಇಂಜೆಕ್ಷನ್ ಶುರು ಮಾಡಿ ಮೂರು ದಿನ ಆಯ್ತು. ಇನ್ನೂ 102 ಇದೆ. ಔಷಧಿ ಬದಲಾಯಿಸೋಕೆ ಹೇಳ್ತೀರಾ?” ಎಂದು ಮನೆಯವರು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದರು. ಅವರ ಆತಂಕದಲ್ಲಿ ತಪ್ಪೇನಿಲ್ಲ. ಟೈಫಾಯಿಡಿನಲ್ಲಿ ಸರಿಯಾದ ಔಷಧಿ ಬಿದ್ದರೂ ಜ್ವರ ಬಿಡಲು ನಾಲ್ಕರಿಂದ ಆರು ದಿನ ಹಿಡಿಯುವುದುಂಟು ಎಂದು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಆ ಮೂರು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ನೋಡಬೇಕಾದದ್ದು ದಿನದ ಗರಿಷ್ಠ ಅಂಕಿ: 103.6, 103.2, 102.4. ಇಳಿಯುತ್ತಿದೆ.

ಈ ದಿನಗಳ ಆರೈಕೆ ಸಣ್ಣ ಸಣ್ಣ ಕೆಲಸಗಳದ್ದು. ಬಾಯಿ ಒಣಗಿ ನಾಲಗೆ ಮೇಲೆ ಬಿಳಿ ಪೊರೆ ಕಟ್ಟಿತ್ತು. ನಾಲ್ಕು ಗಂಟೆಗೊಮ್ಮೆ ಮೆತ್ತನೆ ಬ್ರಷ್, ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು, ತುಟಿಗೆ ವ್ಯಾಸಲಿನ್. ಬಾಯಿ ಸ್ವಚ್ಛವಾದ ಮೇಲೆ ಕುಡಿಯುವುದು ತಾನಾಗಿ ಹೆಚ್ಚಿತು. ಮೈ ಬೆವರಿದ ತಕ್ಷಣ ಬಟ್ಟೆ, ಹಾಸು ಬದಲಿಸಬೇಕು. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನು, ಹಿಮ್ಮಡಿ ನೋಡಬೇಕು. ರಾತ್ರಿ ತಡಬಡಿಸುವವರಿಗೆ ಪೂರ್ತಿ ಕತ್ತಲೆ ಬೇಡ, ಮಂದ ದೀಪ ಇರಲಿ, ಮಂಚದ ಕಂಬಿ ಮೇಲಿರಲಿ.

ಒಂದು ಹೊತ್ತಿನ ಬಗ್ಗೆ ಒತ್ತಿ ಹೇಳಬೇಕು. ಪ್ಯಾರಾಸಿಟಮಾಲ್ ಕೊಟ್ಟು ಒಂದೆರಡು ಗಂಟೆಗೆ ಬೆವರು ಕಿತ್ತುಕೊಂಡು ಬರುತ್ತದೆ, ರಕ್ತನಾಳ ಹಿಗ್ಗಿರುತ್ತದೆ, ಬಿ.ಪಿ. ಇಳಿದಿರುತ್ತದೆ. ರೋಗಿಗೆ ಹಗುರ ಅನಿಸಿ ಒಬ್ಬರೇ ಎದ್ದು ಬಾತ್‌ರೂಮಿಗೆ ಹೊರಡುತ್ತಾರೆ. ತಲೆ ಸುತ್ತಿ ಬೀಳುವುದು ಆಗಲೇ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿ, ಆಮೇಲೆ ಹಿಡಿದುಕೊಂಡು ನಿಲ್ಲಿಸಿ. ಬಾತ್‌ರೂಮಿನ ಚಿಲಕ ಒಳಗಿಂದ ಹಾಕಿಕೊಳ್ಳದಿರಲಿ.

ಒಂಬತ್ತನೇ ದಿನ ಬೆಳಿಗ್ಗೆ 100ಕ್ಕೆ ಇಳಿದದ್ದು ಮಧ್ಯಾಹ್ನ ಮತ್ತೆ ಚಳಿಯೊಂದಿಗೆ 102.6. ಎಲ್ಲರ ಮುಖ ಬಾಡಿತು. ಎದೆ, ಹೊಟ್ಟೆ, ಮೂತ್ರ ಎಲ್ಲ ನೋಡಿ ಕೊನೆಗೆ ಸಿಕ್ಕಿದ್ದು ಕ್ಯಾನುಲಾ, ಡ್ರಿಪ್ಪಿಗೆಂದು ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ನಳಿಕೆ. ಪ್ಲಾಸ್ಟರ್ ಬಿಚ್ಚಿದರೆ ಚುಚ್ಚಿದ ಜಾಗ ಕೆಂಪಗೆ ಬಿಸಿಯಾಗಿತ್ತು, ಮುಟ್ಟಿದರೆ ರಕ್ತನಾಳ ದಾರದ ಹಾಗೆ ಗಟ್ಟಿ. ನಾಲ್ಕು ದಿನದಿಂದ ಅದೇ ಕ್ಯಾನುಲಾ, ಮೇಲೆ ಹಾಕಿದ ದಿನಾಂಕ ಅಳಿಸಿಹೋಗಿತ್ತು. ತೆಗೆದು ಇನ್ನೊಂದು ಕೈಗೆ ಹಾಕಿದರು. ವೈದ್ಯರು ಮತ್ತೊಮ್ಮೆ ಕಲ್ಚರ್ ಕಳಿಸಿದರು, ಅದರಲ್ಲಿ ಏನೂ ಬೆಳೆಯಲಿಲ್ಲ. ಮಾರನೇ ದಿನಕ್ಕೆ ಆ ಏರಿಕೆ ಇಳಿಯಿತು. ಪ್ರತಿ ಪಾಳಿಯಲ್ಲೂ ಕ್ಯಾನುಲಾ ಜಾಗ ನೋಡಬೇಕು, ಒತ್ತಿದರೆ ನೋವೇ ಎಂದು ಕೇಳಬೇಕು, ಬೇಡವಾದ ದಿನವೇ ತೆಗೆಯಬೇಕು. ಕೈ ನೋಯುತ್ತಿದೆ ಎಂದು ರೋಗಿ ಹಿಂದಿನ ದಿನವೇ ಹೇಳಿದ್ದರು. ಅದನ್ನು ಯಾರೂ ಹಾಳೆಗೆ ಬರೆದಿರಲಿಲ್ಲ.

ಹತ್ತನೇ ದಿನದಿಂದ ಜ್ವರ ನಿಧಾನವಾಗಿ ಮೆಟ್ಟಿಲಿಳಿಯಿತು: 101, 100.2, 99.4. ಟೈಫಾಯಿಡಿನಲ್ಲಿ ಹೀಗೆ ಇಳಿಯುವುದೇ ಚೆನ್ನ. ಎರಡು-ಮೂರನೇ ವಾರದಲ್ಲಿ ಜ್ವರ ಒಮ್ಮೆಗೇ ಕುಸಿದು, ನಾಡಿ ಮಾತ್ರ ಏರಿ, ಹೊಟ್ಟೆ ನೋವು ಬಂದು ಬಿಗಿಯಾದರೆ ಅಥವಾ ಮಲ ಕಪ್ಪಗಾದರೆ ಕರುಳಿನಲ್ಲಿ ರಕ್ತಸ್ರಾವ ಅಥವಾ ತೂತು ಬಿದ್ದಿರುವ ಸೂಚನೆ. ಆಗ ಥರ್ಮಾಮೀಟರ್ ತೋರಿಸುವ ಒಳ್ಳೆಯ ಅಂಕಿಯನ್ನು ನಂಬಬಾರದು, ತಕ್ಷಣ ವೈದ್ಯರನ್ನು ಕರೆಸಬೇಕು. ಅದಕ್ಕೇ ಇಳಿಯುವ ದಿನಗಳಲ್ಲೂ ನಾಡಿ ಬರೆಯುವುದನ್ನು ಬಿಡಲಿಲ್ಲ.

ಮನೆಗೆ ಬಂದ ಮೇಲೆ

ಹದಿಮೂರನೇ ದಿನ ಡಿಸ್ಚಾರ್ಜ್. ಬೆಳಿಗ್ಗೆ ಹತ್ತಕ್ಕೆ ‘ಹೋಗಬಹುದು’ ಎಂದರು, ಬಿಲ್ಲು, ವಿಮೆಯ ಒಪ್ಪಿಗೆ ಮುಗಿದು ಹೊರಬಿದ್ದಾಗ ಸಂಜೆ ಐದು. ಡಿಸ್ಚಾರ್ಜ್ ಸಾರಾಂಶದಲ್ಲಿ ಮಾತ್ರೆಯ ಹೆಸರಿತ್ತು, ಎಷ್ಟು ದಿನ ಎಂದು ಇರಲಿಲ್ಲ. ಅಲ್ಲೇ ನಿಂತು ಕೇಳಿ ಬರೆಸಿಕೊಂಡೆವು. ಕಲ್ಚರ್ ವರದಿಯ ಪ್ರತಿ ಕೇಳದೆ ಹೊರಡಬೇಡಿ. ಮತ್ತೆ ಜ್ವರ ಬಂದರೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಅದೇ. ಜ್ವರ ಬಿಟ್ಟಿತೆಂದು ಆಂಟಿಬಯಾಟಿಕ್ಕನ್ನು ಅರ್ಧಕ್ಕೆ ಬಿಡುವಂತಿಲ್ಲ.

ಟೈಫಾಯಿಡಿನ ಬ್ಯಾಕ್ಟೀರಿಯಾ ಜ್ವರ ಬಿಟ್ಟ ಮೇಲೂ ಕೆಲವು ವಾರ ಮಲದಲ್ಲಿ ಹೋಗುತ್ತಿರಬಹುದು. ಶೌಚದ ನಂತರ ಸೋಪಿನಿಂದ 20 ಸೆಕೆಂಡ್ ಕೈ ತೊಳೆಯುವುದು ರೋಗಿಗೂ, ಹಾಸು ಬಟ್ಟೆ ಒಗೆಯುವವರಿಗೂ ಕಡ್ಡಾಯ. ಬೇರೆಯವರಿಗೆ ಅಡುಗೆ ಮಾಡಿ ಬಡಿಸುವ ಕೆಲಸದವರಾದರೆ ಯಾವಾಗ ಕೆಲಸಕ್ಕೆ ಹೋಗಬಹುದು, ಮಲದ ಕಲ್ಚರ್ ಬೇಕೇ ಎಂದು ವೈದ್ಯರನ್ನು ಕೇಳಿಯೇ ಹೋಗಬೇಕು. ಸುಸ್ತು ಇನ್ನೂ ಕೆಲವು ವಾರ ಇರುತ್ತದೆ. ಅದಕ್ಕೆ ಟಾನಿಕ್ ಹುಡುಕುವುದಕ್ಕಿಂತ ಊಟ, ನಿದ್ದೆ, ದಿನಕ್ಕೊಂದಿಷ್ಟು ನಡಿಗೆ ಸಾಕು.

ಕೆಲವರಿಗೆ ವಾಸಿಯಾದ ಎರಡು-ಮೂರು ವಾರಕ್ಕೆ ಮರುಕಳಿಸುತ್ತದೆ. ಹಾಗಾಗಿ ಹಾಳೆಯನ್ನು ಬಿಸಾಡಿಲ್ಲ. ಈಗ ಅದರಲ್ಲಿ ಮೂರೇ ಕಲಂ, ದಿನಕ್ಕೊಂದೇ ಸಾಲು, ಇನ್ನೂ ಮೂರು ವಾರ. ಇವತ್ತು ಸಂಜೆ ಆರಕ್ಕೆ ಬರೆದದ್ದು: 98.2, ನಾಡಿ 78, ‘ಹಸಿವು ಅಂದರು’.